ನೀರಿಲ್ಲದ ಸೀಮೆಯಲ್ಲಿ ನೀರಿನಿಂದ ಇಂಧನ

ಆಂಧ್ರದ ಅನಂತಪುರದ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರ್ ಮಳೆ. ದೇಶದಲ್ಲೇ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಇದೂ ಒಂದು. ರಾಯದುರ್ಗ, ಮಡಕಶಿರಾ ಕಡೆಯ ಕನ್ನಡದ ಹಳ್ಳಿಗಳಲ್ಲಿ ಸಾಲ ಮಾಡಿ ಬೋರು ಕೊರೆಸಿದವನಿಗೆ ಕಲ್ಲಿನ ದೂಳು ಮಾತ್ರ ಸಿಗುವುದು ಹೊಸ ಸಂಗತಿಯಲ್ಲ. ಅಂಥ ಕಡೆ ‘ನೀರನ್ನು ಒಡೆದು ಇಂಧನ ತೆಗೆಯುತ್ತಾರಂತೆ’ ಎಂಬ ಸುದ್ದಿ ಬಂದರೆ, ಆ ನೀರನ್ನು ಎಲ್ಲಿಂದ ತರುತ್ತಾರೆ ಎಂದು ರೈತ ಕೇಳಿಯೇ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿಯೇ ಉತ್ತರ ಹೇಳಬೇಕು.

ನೀರಿನೊಳಗೆ ವಿದ್ಯುತ್ ಹಾಯಿಸಿದರೆ ಅದು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಬೇರ್ಪಡುತ್ತದೆ. ಇದನ್ನು 1800ರಲ್ಲೇ ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ಮಾಡಿ ತೋರಿಸಿದ್ದರು. ವಿದ್ಯುತ್ತು ಬಿಸಿಲಿನಿಂದಲೋ ಗಾಳಿಯಿಂದಲೋ ಬಂದಿದ್ದರೆ ಹೀಗೆ ಸಿಕ್ಕಿದ್ದು ಹಸಿರು ಹೈಡ್ರೋಜನ್. ಜಗತ್ತು ಇಂದು ವರ್ಷಕ್ಕೆ ಹತ್ತು ಕೋಟಿ ಟನ್ನಿನ ಆಸುಪಾಸು ಹೈಡ್ರೋಜನ್ ಬಳಸುತ್ತಿದೆ, ಆದರೆ ಅದರಲ್ಲಿ ಹಸಿರಿನ ಪಾಲು ಶೇಕಡ ಒಂದನ್ನೂ ಮುಟ್ಟಿಲ್ಲ. ಬಹುಪಾಲು ಬರುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ಅನಿಲದಿಂದ ಒಂದು ಕಿಲೋ ಹೈಡ್ರೋಜನ್ ತೆಗೆಯುವಾಗ ಸುಮಾರು 10 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ನಮ್ಮ ಸರ್ಕಾರದ 2023ರ ಮಾನದಂಡದ ಪ್ರಕಾರ ಇದು ಎರಡು ಕಿಲೋ ಮೀರದಿದ್ದರೆ ಮಾತ್ರ ಹೈಡ್ರೋಜನ್ನಿಗೆ ಹಸಿರೆಂಬ ಹೆಸರು.

ಈಗ ನೀರಿನ ಲೆಕ್ಕ. ಒಂದು ಕಿಲೋ ಹೈಡ್ರೋಜನ್ನಿಗೆ ರಸಾಯನಶಾಸ್ತ್ರ ಕೇಳುವುದು 9 ಲೀಟರ್. ಶುದ್ಧೀಕರಣದಲ್ಲಿ ಹೋಗುವ ನೀರು, ಯಂತ್ರ ತಂಪಾಗಿಸುವ ನೀರು ಎಲ್ಲ ಸೇರಿಸಿ 20 ಲೀಟರ್ ಎಂದು ಹಿಡಿಯೋಣ. 100 ಮೆಗಾವಾಟ್‌ನ ಒಂದು ಘಟಕ ವರ್ಷದ ಶೇಕಡ 40ರಷ್ಟು ಹೊತ್ತು ನಡೆದರೆ ಆರು ಸಾವಿರ ಟನ್ನಿಗಿಂತ ತುಸು ಹೆಚ್ಚು ಹೈಡ್ರೋಜನ್ ಕೊಡುತ್ತದೆ. ಅದಕ್ಕೆ ಬೇಕಾಗುವ ನೀರು ಹದಿಮೂರು ಕೋಟಿ ಲೀಟರ್. ಕೇಳಿದರೆ ಎದೆ ನಡುಗುವ ಅಂಕಿ. ಆದರೆ ಇಪ್ಪತ್ತೈದು ಎಕರೆಯ ಒಂದು ಬೆಳೆ ಭತ್ತವೂ ಹೆಚ್ಚುಕಡಿಮೆ ಅಷ್ಟೇ ನೀರು ಕುಡಿಯುತ್ತದೆ. 2030ರ ಹೊತ್ತಿಗೆ ದೇಶ ಗುರಿಯಿಟ್ಟಿರುವ 50 ಲಕ್ಷ ಟನ್ನಿಗೂ ವರ್ಷಕ್ಕೆ ಮೂರೂವರೆ ಟಿಎಂಸಿ ಸಾಕು. ನೆರೆಯ ತುಂಗಭದ್ರಾ ಅಣೆಕಟ್ಟೆ ತುಂಬಿದಾಗ ಹಿಡಿಯುವುದು ನೂರಕ್ಕೂ ಹೆಚ್ಚು ಟಿಎಂಸಿ.

ಹಾಗೆಂದು ರೈತನ ಆತಂಕವನ್ನು ತಳ್ಳಿಹಾಕುವಂತಿಲ್ಲ. ದೇಶದ ಲೆಕ್ಕದಲ್ಲಿ ಹನಿಯಾದದ್ದು ಒಂದು ಹಳ್ಳಿಯ ಅಂತರ್ಜಲಕ್ಕೆ ಹೊಳೆಯಷ್ಟಾಗುತ್ತದೆ. ಸಾಲದ್ದಕ್ಕೆ ಈ ಯಂತ್ರಗಳಿಗೆ ಬೇಕಾದದ್ದು ಲವಣದ ಸುಳಿವೂ ಇಲ್ಲದ ನೀರು. ಇಲ್ಲಿನ ಬೋರಿನ ನೀರೋ ಗಡಸು, ಹಲವೆಡೆ ಫ್ಲೋರೈಡ್ ಬೆರೆತದ್ದು. ಅದನ್ನು ಶುದ್ಧ ಮಾಡಿದರೆ ಲವಣವೆಲ್ಲ ಮಡುಗಟ್ಟಿದ ನೀರು ಉಳಿಯುತ್ತದೆ. ಅದನ್ನು ಹಳ್ಳಕ್ಕೆ ಬಿಟ್ಟರೆ ಕೆಳಗಿನ ಹೊಲಗಳ ಗತಿ ಏನೆಂದು ಯೋಜನೆಯ ಮೊದಲ ಪುಟದಲ್ಲೇ ಬರೆದಿರಬೇಕು.

ನಿಜವಾದ ದಾಹ ಇರುವುದು ವಿದ್ಯುತ್ತಿನಲ್ಲಿ. ಒಂದು ಕಿಲೋ ಹೈಡ್ರೋಜನ್ ತೆಗೆಯಲು ಸುಮಾರು 55 ಯೂನಿಟ್ ಬೇಕು. ಆ ಕಿಲೋದೊಳಗೆ ಉಳಿಯುವ ಬಳಕೆಯೋಗ್ಯ ಶಕ್ತಿ 33 ಯೂನಿಟ್. ಇಂಧನ ಕೋಶಕ್ಕೆ ಹಾಕಿ ಮತ್ತೆ ವಿದ್ಯುತ್ ಮಾಡಿದರೆ ಕೈಗೆ ಬರುವುದು ಹದಿನೆಂಟರ ಸುಮಾರು, ಅಂದರೆ ಮೂರರಲ್ಲಿ ಎರಡು ಪಾಲು ದಾರಿಯಲ್ಲೇ ಸೋರಿಹೋಯಿತು. ಬ್ಯಾಟರಿಯಲ್ಲಿಟ್ಟ ನೂರು ಯೂನಿಟ್‌ನಲ್ಲಿ ಎಂಬತ್ತೈದಾದರೂ ಹಿಂದಿರುಗುತ್ತದೆ. ಕರ್ನೂಲಿನ ಕಡೆ ಪಿನ್ನಾಪುರದಲ್ಲಿ ಎತ್ತಿಕೊಂಡಿರುವ ರೀತಿಯ, ನೀರನ್ನು ಮೇಲಕ್ಕೆ ಪಂಪು ಮಾಡಿ ಬೇಕಾದಾಗ ಕೆಳಕ್ಕೆ ಬಿಡುವ ಯೋಜನೆಗಳಲ್ಲೂ ಮುಕ್ಕಾಲು ಪಾಲು ಉಳಿಯುತ್ತದೆ. 50 ಲಕ್ಷ ಟನ್ನಿನ ಗುರಿಗಾಗಿಯೇ 1.25 ಲಕ್ಷ ಮೆಗಾವಾಟ್ ಹೊಸ ಸೌರ ಮತ್ತು ಪವನ ಸಾಮರ್ಥ್ಯ ಬೇಕೆಂದು, 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿಗೆ ಒಪ್ಪಿಗೆ ಕೊಡುವಾಗ ಕೇಂದ್ರವೇ ಹೇಳಿತು. ಅಷ್ಟು ವಿದ್ಯುತ್ತು ಇಂದು ದೇಶದಲ್ಲಿ ಉತ್ಪಾದನೆಯಾಗುವುದರ ಸುಮಾರು ಏಳನೆಯ ಒಂದು ಭಾಗ. ಅದರ ಹಿಂದೆ ಜಮೀನಿದೆ, ಶೇಂಗಾ ಬೆಳೆಯುತ್ತಿದ್ದ ಹೊಲಗಳಿವೆ.

ಆದ್ದರಿಂದ ಸ್ಕೂಟರಿಗೆ, ಕಾರಿಗೆ, ಅಡುಗೆಯ ಒಲೆಗೆ ಹೈಡ್ರೋಜನ್ ಎನ್ನುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ತಂತಿಯಲ್ಲಿ ನೇರವಾಗಿ ಹೋಗಿ ಕೆಲಸ ಮಾಡಬಲ್ಲ ವಿದ್ಯುತ್ತನ್ನು ಅನಿಲವಾಗಿಸಿ, ಅದನ್ನು ವಾಯುಮಂಡಲದ ಏಳುನೂರು ಪಟ್ಟು ಒತ್ತಡದಲ್ಲಿ ತೊಟ್ಟಿಗೆ ತುರುಕಿ, ಇಲ್ಲವೇ ಮೈನಸ್ 253 ಡಿಗ್ರಿಗೆ ತಂಪಾಗಿಸಿ ಸಾಗಿಸುವುದು ಬಡ ದೇಶಕ್ಕೆ ಹೊಂದುವ ದಾರಿಯಲ್ಲ. ಅತಿ ಸಣ್ಣ ಅಣುವಾದ್ದರಿಂದ ಸಂದು ಸಿಕ್ಕಲ್ಲಿ ಸೋರುತ್ತದೆ, ಕೆಲವು ಬಗೆಯ ಉಕ್ಕಿನೊಳಗೆ ನುಗ್ಗಿ ಅದನ್ನು ಬಿರುಕು ಬಿಡಿಸುತ್ತದೆ. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಬೀಳುವುದೇ ಕಷ್ಟ.

ಹೈಡ್ರೋಜನ್ ಇಲ್ಲದೆ ನಡೆಯದ ಕೆಲಸಗಳು ಬೇರೆ ಇವೆ. ನಮ್ಮ ರೈತರಿಗೆ ತೀರ ಹತ್ತಿರದ್ದು ಗೊಬ್ಬರ. ಸಾರಜನಕ ಮತ್ತು ಹೈಡ್ರೋಜನ್ ಕೂಡಿ ಅಮೋನಿಯಾ, ಅಮೋನಿಯಾದಿಂದ ಯೂರಿಯಾ, ಡಿಎಪಿ. 50 ಕಿಲೋದ ಒಂದು ಡಿಎಪಿ ಚೀಲದಲ್ಲಿ 9 ಕಿಲೋ ಸಾರಜನಕವಿರುತ್ತದೆ. ಅದನ್ನು ಅಮೋನಿಯಾ ರೂಪಕ್ಕೆ ತರಲು ಹತ್ತಿರಹತ್ತಿರ ಎರಡು ಕಿಲೋ ಹೈಡ್ರೋಜನ್ ಖರ್ಚಾಗಿರುತ್ತದೆ. ಅನಿಲದಿಂದ ತೆಗೆದ ಹೈಡ್ರೋಜನ್ ಆದರೆ ಬಿತ್ತನೆಯ ದಿನ ಹೊಲಕ್ಕೆ ಹೋಗುವ ಪ್ರತಿ ಚೀಲದ ಹಿಂದೆ ಇಪ್ಪತ್ತು ಕಿಲೋ ಇಂಗಾಲದ ಡೈಆಕ್ಸೈಡ್ ಇದ್ದೇ ಇದೆ. ಇಲ್ಲಿ ತಂತಿ ಎಳೆದು ಉಪಯೋಗವಿಲ್ಲ, ಏಕೆಂದರೆ ಬೇಕಿರುವುದು ಹೈಡ್ರೋಜನ್ನಿನ ಪರಮಾಣುವೇ.

ಯೂರಿಯಾದಲ್ಲಿ ಮಾತ್ರ ಒಂದು ತೊಡಕಿದೆ. ಅದನ್ನು ಮಾಡಲು ಅಮೋನಿಯಾದ ಜೊತೆಗೆ ಇಂಗಾಲದ ಡೈಆಕ್ಸೈಡ್ ಕೂಡ ಬೇಕು. ಈಗಿನ ಕಾರ್ಖಾನೆಗಳಿಗೆ ಅದು ಅನಿಲ ಒಡೆಯುವಾಗಲೇ ಸಿಗುತ್ತದೆ. ಹಸಿರು ಹೈಡ್ರೋಜನ್ನಿಗೆ ಬದಲಾದರೆ ಅದನ್ನು ಬೇರೆಲ್ಲಿಂದಲೋ ತರಬೇಕು. ಡಿಎಪಿಗೆ ಆ ಕಾಟವಿಲ್ಲ, ಅಮೋನಿಯಾ ಮತ್ತು ಫಾಸ್ಫಾರಿಕ್ ಆಮ್ಲ ಸಾಕು. ಆದ್ದರಿಂದ ಬದಲಾವಣೆ ಡಿಎಪಿಯಿಂದ ಶುರುವಾಗುವುದೇ ಸರಿ. ಅಮೋನಿಯಾ ಮೈನಸ್ 33 ಡಿಗ್ರಿಯಲ್ಲೇ ದ್ರವವಾಗುವುದರಿಂದ ಸಾಗಿಸುವುದೂ ಸುಲಭ.

ಇನ್ನೊಂದು ಉಕ್ಕು. ರಾಯದುರ್ಗದಿಂದ ನೂರು ಕಿಲೋಮೀಟರಿನ ಒಳಗೇ ತೋರಣಗಲ್ಲಿನ ದೊಡ್ಡ ಕಾರ್ಖಾನೆ ಇದೆ. ಕೋಕ್ ಸುಡುವ ಊದುಕುಲುಮೆಯ ದಾರಿಯಲ್ಲಿ ಒಂದು ಟನ್ ಉಕ್ಕಿಗೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದಿರಿನಲ್ಲಿರುವ ಆಮ್ಲಜನಕವನ್ನು ಹೈಡ್ರೋಜನ್ನಿನಿಂದ ಎಳೆದು ತೆಗೆದರೆ ಹೊರಬರುವುದು ನೀರಿನ ಆವಿ. ಸ್ವೀಡನ್ನಿನವರು 2021ರಲ್ಲಿ ಹೀಗೆ ಮಾಡಿದ ಉಕ್ಕನ್ನು ಗಿರಾಕಿಗೆ ಕೊಟ್ಟೂ ಆಗಿದೆ.

ಬೆಲೆ ಇನ್ನೂ ಭಾರ. ಯೂನಿಟ್ಟಿಗೆ ಮೂರು ರೂಪಾಯಿಯಂತೆ ಕರೆಂಟಿಗೇ ಕಿಲೋಗೆ 165 ರೂಪಾಯಿ ಆಯಿತು, ಯಂತ್ರದ ಬಂಡವಾಳ ಬೇರೆ. ಬಿಸಿಲನ್ನೇ ನಂಬಿದರೆ ಆ ಯಂತ್ರ ದಿನದ ಅರ್ಧಕ್ಕೂ ಹೆಚ್ಚು ಹೊತ್ತು ಸುಮ್ಮನೆ ನಿಂತಿರುತ್ತದೆ. ಈ ಸೀಮೆಯ ಭಾಗ್ಯ ಇಲ್ಲಿಯೇ ಇದೆ. ಪಶ್ಚಿಮ ಘಟ್ಟದಲ್ಲಿ ಮಳೆ ಸುರಿಸಿ ಬರಿಗೈಯಲ್ಲಿ ಬರುವ ಮುಂಗಾರಿನ ಗಾಳಿ ರಾಯದುರ್ಗ, ಉರವಕೊಂಡ, ರಾಮಗಿರಿಯ ಬಯಲು-ಬೆಟ್ಟಗಳ ಮೇಲೆ ಜೋರಾಗಿ ಬೀಸುತ್ತದೆ. ಮೋಡ ಕವಿದು ಸೌರ ಫಲಕಗಳು ಸೊರಗುವ ಆಷಾಢ, ಶ್ರಾವಣದಲ್ಲೇ ಗಾಳಿಯಂತ್ರಗಳಿಗೆ ಸುಗ್ಗಿ. ಎರಡೂ ಸೇರಿದರೆ ಘಟಕ ಹೆಚ್ಚು ಹೊತ್ತು ನಡೆಯುತ್ತದೆ.

ಆಂಧ್ರದಲ್ಲಿ ಹಸಿರು ಹೈಡ್ರೋಜನ್ನಿನ ದೊಡ್ಡ ಯೋಜನೆಗಳು ವಿಶಾಖಪಟ್ಟಣದ ಬಳಿಯ ಪೂಡಿಮಡಕ, ಕಾಕಿನಾಡದಂಥ ಕಡಲಂಚಿಗೆ ಹೋಗಿವೆ. ಅದು ತಪ್ಪಲ್ಲ. ಸಾವಿರ ಲೀಟರ್ ಸಮುದ್ರದ ನೀರನ್ನು ಸಿಹಿಯಾಗಿಸಲು ಮೂರು ನಾಲ್ಕು ಯೂನಿಟ್ ಸಾಕು, ಅದೇ ಸಾವಿರ ಲೀಟರಿನಿಂದ ಹೈಡ್ರೋಜನ್ ತೆಗೆಯಲು ಎರಡೂವರೆ ಸಾವಿರಕ್ಕೂ ಹೆಚ್ಚು ಯೂನಿಟ್ ಬೇಕು. ಒಳನಾಡಿನಲ್ಲಿ ಉಕ್ಕಿಗಾಗಿ ಘಟಕ ಕಟ್ಟುವುದಾದರೆ ಬಳ್ಳಾರಿಯ ಚರಂಡಿ ನೀರಿದೆ. ನಾಲ್ಕು ಲಕ್ಷ ಜನರ ಊರು, ತಲೆಗೆ ದಿನಕ್ಕೆ ನೂರು ಲೀಟರ್ ಎಂದಿಟ್ಟರೂ ನಾಲ್ಕು ಕೋಟಿ ಲೀಟರ್ ಕೊಳಚೆ. 100 ಮೆಗಾವಾಟ್ ಘಟಕಕ್ಕೆ ದಿನಕ್ಕೆ ಬೇಕಾದದ್ದು ಅದರ ನೂರನೆಯ ಒಂದು ಭಾಗದಷ್ಟೂ ಅಲ್ಲ. ಹೀಗಿರುವಾಗ ಬೋರಿನ ನೀರಿಗೆ ಕೈ ಹಾಕಲು ಯಾರಿಗೂ ನೆಪವಿಲ್ಲ. ಜಮೀನು ಗುತ್ತಿಗೆ ಕೇಳಿಕೊಂಡು ಬರುವ ಕಂಪನಿಗಳ ಒಪ್ಪಂದದಲ್ಲಿ ಅಂತರ್ಜಲ ಮುಟ್ಟುವುದಿಲ್ಲ ಎಂಬ ಷರತ್ತು ತೆಲುಗಿನಲ್ಲೂ ಇರಲಿ, ಈ ಹಳ್ಳಿಗಳವರು ಓದುವ ಕನ್ನಡದಲ್ಲೂ ಇರಲಿ.