ಒಂದೇ ಸಮನೆ ತಿರುಗದ ಶಾಫ್ಟ್

ರಿವರ್ಸ್‌ನಿಂದ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟ ಕೂಡಲೇ ಗಾಡಿಯ ಅಡಿಯಿಂದ ‘ಟಣ್’ ಅಂತ ಒಂದು ಸದ್ದು. ನನ್ನ ಪಿಕಪ್‌ನಲ್ಲಿ ಇದು ಶುರುವಾದಾಗ ಒಂದಷ್ಟು ದಿನ ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕೊನೆಗೊಂದು ದಿನ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಹೋಗುವ ಉದ್ದನೆಯ ಕೊಳವೆಯ ತುದಿಯಲ್ಲಿ, ಜಾಯಿಂಟ್ ಕ್ರಾಸಿನ ಒಂದು ಬಟ್ಟಲಿನ ಸುತ್ತ ಇಟ್ಟಿಗೆ ಪುಡಿಯಂಥದ್ದು ಮೆತ್ತಿಕೊಂಡಿತ್ತು. ಅದು ಮಣ್ಣಲ್ಲ. ಒಳಗೆ ಗ್ರೀಸ್ ಒಣಗಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ತುಕ್ಕಾಗಿ ಹೊರಬಂದ ಪುಡಿ.

ಆ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ನೋಡಲು ಸುಮ್ನೆ ಒಂದು ಪೈಪು. ಆದರೆ ಅದರ ಮೇಲೆ ಬೀಳುವ ತಿರುಚು ಸಣ್ಣದಲ್ಲ. ಇಂಜಿನ್ 250 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಫಸ್ಟ್ ಗೇರ್ ಅದನ್ನು ನಾಲ್ಕು ಪಟ್ಟು ಮಾಡುತ್ತದೆ ಅಂದುಕೊಳ್ಳಿ. ಶಾಫ್ಟ್‌ಗೆ ಬರುವುದು 1000 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 100 ಕಿಲೋ ತೂಕ ನೇತುಹಾಕಿದ ಹಾಗೆ. ಇಷ್ಟು ಹೊರುವ ಶಾಫ್ಟ್ ಒಳಗೆ ಟೊಳ್ಳು ಯಾಕೆ? ತಿರುಚನ್ನು ಹೆಚ್ಚಾಗಿ ತಡೆಯುವುದು ಹೊರಮೈಯ ಲೋಹ. ನಡುವಿನ ಲೋಹದಿಂದ ತೂಕ ಜಾಸ್ತಿಯಾಗುತ್ತದೆಯೇ ಹೊರತು ಹೇಳಿಕೊಳ್ಳುವಂಥ ಬಲ ಬರುವುದಿಲ್ಲ.

ಗೇರ್‌ಬಾಕ್ಸ್ ಚಾಸಿಗೆ ಕೂತಿರುತ್ತದೆ. ಹಿಂದಿನ ಆಕ್ಸಲ್ ಮಾತ್ರ ಹಳ್ಳ ದಿಣ್ಣೆ ಬಂದಾಗಲೆಲ್ಲ ಮೇಲೆ ಕೆಳಗೆ ಆಡುತ್ತದೆ. ಲೋಡ್ ಹಾಕಿದರೆ ಪ್ಲೇಟ್ ಸ್ಪ್ರಿಂಗ್ ಚಪ್ಪಟೆಯಾಗಿ, ಎರಡರ ನಡುವಿನ ದೂರವೂ ಬದಲಾಗುತ್ತದೆ. ದೂರದ ವ್ಯತ್ಯಾಸವನ್ನು ಒಂದರೊಳಗೊಂದು ಜಾರುವ ಹಲ್ಲುಹಲ್ಲಿನ ಸ್ಪ್ಲೈನ್ ನೋಡಿಕೊಳ್ಳುತ್ತದೆ. ಕೋನದ ವ್ಯತ್ಯಾಸಕ್ಕೆ ಎರಡು ತುದಿಯಲ್ಲೂ ಕೀಲು ಬೇಕು. ಅದೇ ಯೂನಿವರ್ಸಲ್ ಜಾಯಿಂಟ್. ಕವೆಯ ಆಕಾರದ ಎರಡು ಯೋಕ್, ಅವುಗಳ ನಡುವೆ ಕೂಡಿಸುವ ಚಿಹ್ನೆಯಂಥ ಒಂದು ಕ್ರಾಸ್.

ಈ ಕೀಲಿಗೆ ಒಂದು ವಿಚಿತ್ರ ಗುಣ ಇದೆ. ಅದು ಬಾಗಿರುವಾಗ ಒಂದು ಕಡೆ ಒಂದೇ ಸಮನೆ ತಿರುಗಿಸಿದರೂ ಇನ್ನೊಂದು ಕಡೆ ಒಂದೇ ಸಮನೆ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. 10 ಡಿಗ್ರಿ ಬಾಗಿದ ಜಾಯಿಂಟಿಗೆ ನಿಮಿಷಕ್ಕೆ 1000 ಸುತ್ತಿನ ವೇಗ ಕೊಟ್ಟರೆ ಆ ಕಡೆಯ ವೇಗ 985ರಿಂದ 1015ರ ನಡುವೆ ತೂಗಾಡುತ್ತದೆ. ಬಾಗು 30 ಡಿಗ್ರಿಯಾದರೆ 866ರಿಂದ 1155! ಇದು ತಯಾರಿಕೆಯ ದೋಷ ಅಲ್ಲ, ಕೀಲಿನ ಜ್ಯಾಮಿತಿಯೇ ಹಾಗೆ. ಸ್ಪ್ರಿಂಗಿನ ನಿಯಮಕ್ಕೆ ಹೆಸರಾದ ರಾಬರ್ಟ್ ಹುಕ್ 17ನೇ ಶತಮಾನದಲ್ಲೇ ಇದನ್ನು ಗಮನಿಸಿದ್ದ. ನೆರಳು ಗಡಿಯಾರದ ಮುಖದ ಮೇಲೆ ನೆರಳು ಸರಿಯುವ ವೇಗವೂ ಇದೇ ರೀತಿ ಹೆಚ್ಚು ಕಡಿಮೆಯಾಗುತ್ತದೆ ಅನ್ನುವುದು ಅವನ ಕಣ್ಣಿಗೆ ಬಿದ್ದಿತ್ತು. ಕಾರುಗಳೇ ಇಲ್ಲದ ಕಾಲದಲ್ಲಿ ಸೂರ್ಯನ ನೆರಳಿನಲ್ಲಿ ಈ ಕೀಲಿನ ಲೆಕ್ಕ ಕಂಡವನು ಅವನು. ನನಗೆ ಈ ವಿಷಯ ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಗಾಡಿ ಯಾಕೆ ನಡುಗುವುದಿಲ್ಲ? ಮೊದಲ ಜಾಯಿಂಟ್ ಮಾಡಿದ ಏರುಪೇರನ್ನು ಎರಡನೆಯದು ಅಷ್ಟೇ ಪ್ರಮಾಣದಲ್ಲಿ ಉಲ್ಟಾ ಮಾಡಿ ಅಳಿಸಿಬಿಡುತ್ತದೆ. ಅದಕ್ಕೆ ಎರಡು ಷರತ್ತು. ಎರಡೂ ಜಾಯಿಂಟ್ ಒಂದೇ ಕೋನದಲ್ಲಿ ಬಾಗಿರಬೇಕು. ಶಾಫ್ಟಿನ ಎರಡು ತುದಿಯ ಯೋಕ್‌ಗಳು ಒಂದೇ ನೇರಕ್ಕೆ ಇರಬೇಕು. ಗಾಡಿ ಎತ್ತರ ಕಾಣಲಿ ಅಂತ ಸಸ್ಪೆನ್ಷನ್ ಏರಿಸಿ, ಕೋನ ನೋಡದೆ ಬಿಟ್ಟರೆ ಮೊದಲ ಷರತ್ತು ಮುರಿಯುತ್ತದೆ. ಎರಡನೆಯದು ಹೇಗೆ ಮುರಿಯುತ್ತದೆ ಅಂತ ನನಗೆ ಅನುಭವದಿಂದಲೇ ಗೊತ್ತು. ಒಮ್ಮೆ ಶಾಫ್ಟ್ ಬಿಚ್ಚಿ ಜೋಡಿಸಿದ ಮೇಲೆ, ಅಲ್ಲಿಯವರೆಗೆ ಇಲ್ಲದಿದ್ದ ನಡುಕ ಬಂತು. ಜಾಯಿಂಟ್ ಹೊಸದು, ಬೋಲ್ಟ್ ಎಲ್ಲ ಬಿಗಿ. ಕೊನೆಗೆ ಸ್ಪ್ಲೈನ್ ಮೇಲಿನ ಎಣ್ಣೆ ಕೊಳೆ ಒರೆಸಿದಾಗ ಕಂಡದ್ದು ಎರಡು ಬಾಣದ ಗುರುತು. ಎದುರುಬದುರು ಇರಬೇಕಾದ ಅವು ಎರಡು ಹಲ್ಲಿನಷ್ಟು ಆಚೀಚೆ ಇದ್ದವು. ಎಳೆದು ಸರಿಯಾಗಿ ಕೂರಿಸಿದೆ, ನಡುಕ ಹೋಯಿತು. ಅಂದಿನಿಂದ ಒಂದು ಬೋಲ್ಟ್ ಸಡಿಲಿಸುವುದಕ್ಕೂ ಮೊದಲು ಬೋಲ್ಟ್ ಕೂರುವ ಫ್ಲೇಂಜ್, ಸ್ಪ್ಲೈನ್ ಎಲ್ಲದರ ಮೇಲೂ ಬಿಳಿ ಪೇಂಟಿನ ಗೆರೆ ಎಳೆಯುತ್ತೇನೆ.

ಜಾಯಿಂಟ್ ನೇರವಾಗಿದ್ದಷ್ಟೂ ಒಳ್ಳೆಯದು ಅಂತ ಅನಿಸುತ್ತದೆ ಅಲ್ವಾ? ಪೂರ್ತಿ ನೇರವಾಗಿದ್ದರೂ ಕೆಡುತ್ತದೆ. ಕ್ರಾಸಿನ ನಾಲ್ಕು ತೋಳುಗಳಿಗೂ ಒಂದೊಂದು ಬಟ್ಟಲು, ಬಟ್ಟಲೊಳಗೆ ಸಾಲಾಗಿ ನಿಂತ ಸಣ್ಣ ಉಕ್ಕಿನ ಸೂಜಿಗಳು. ಇವು ಚಕ್ರದ ಬೇರಿಂಗಿನ ಹಾಗೆ ಸುತ್ತು ಹಾಕುವುದಿಲ್ಲ. ಜಾಯಿಂಟ್ 5 ಡಿಗ್ರಿ ಬಾಗಿದ್ದರೆ ಆ ಕಡೆ 5, ಈ ಕಡೆ 5, ಅಷ್ಟೇ ಓಲಾಟ. ಬಾಗೇ ಇಲ್ಲದಿದ್ದರೆ ಸೂಜಿ ಅಲುಗುವುದೇ ಇಲ್ಲ. ಭಾರವೆಲ್ಲ ಒಂದೇ ಗೆರೆಯ ಮೇಲೆ ಕೂರುತ್ತದೆ, ಗ್ರೀಸ್ ಅಲ್ಲಿಂದ ಜರುಗಿಹೋಗುತ್ತದೆ, ಸೂಜಿ ತೋಳಿನ ಮೇಲೆ ತಗ್ಗು ಕೊರೆಯುತ್ತದೆ. ಹಾಗಾಗಿ ಒಂದಿಷ್ಟು ಬಾಗು ಬೇಕೇ ಬೇಕು.

ಗ್ರೀಸ್ ಇಷ್ಟು ಮುಖ್ಯವಾಗುವುದು ಇದೇ ಕಾರಣಕ್ಕೆ. ನಿಪ್ಪಲ್, ಅಂದರೆ ಗ್ರೀಸ್ ತುಂಬುವ ಸಣ್ಣ ಮೂತಿ, ಇರುವ ಜಾಯಿಂಟ್ ಆದರೆ ಮೊದಲು ನಿಪ್ಪಲ್ ಒರೆಸಿ, ಇಲ್ಲದಿದ್ದರೆ ಮರಳನ್ನೂ ನಾವೇ ಒಳಗೆ ತಳ್ಳಿದ ಹಾಗಾಗುತ್ತದೆ. ಗ್ರೀಸ್ ಗನ್ನನ್ನು ನಿಧಾನವಾಗಿ ಒತ್ತಿ. ಹಳೆಯ ಕಪ್ಪು ಗ್ರೀಸ್ ಹೋಗಿ ನಾಲ್ಕೂ ಬಟ್ಟಲಿನ ಅಂಚಿನಿಂದ ಹೊಸತು ಇಣುಕಬೇಕು. ಮೂರರಿಂದ ಬಂದು ನಾಲ್ಕನೆಯದರಿಂದ ಬರಲಿಲ್ಲ ಅಂದರೆ ಬಿಟ್ಟು ಎದ್ದು ಬರಬೇಡಿ. ಮೊದಲು ಸಾಯುವುದು ಆ ನಾಲ್ಕನೆಯದೇ. ಶಾಫ್ಟನ್ನು ಸ್ವಲ್ಪ ತಿರುಗಿಸಿ, ಅಲ್ಲಾಡಿಸಿ ಮತ್ತೆ ಒತ್ತಿ ನೋಡಿ. ನೀರಿನಲ್ಲಿ ಗಾಡಿ ಇಳಿಸಿದ್ದರೆ ಮುಂದಿನ ಸರ್ವಿಸ್‌ವರೆಗೆ ಕಾಯದೆ ಗ್ರೀಸ್ ಹೊಡೆಯುವುದು ವಾಸಿ. ಸ್ಪ್ಲೈನಿನ ನಿಪ್ಪಲ್ ಮರೆಯುವವರೇ ಜಾಸ್ತಿ. ನಿಪ್ಪಲ್ಲೇ ಇಲ್ಲದ ಸೀಲ್ ಮಾಡಿದ ಜಾಯಿಂಟ್‌ಗಳಿಗೆ ಈ ಕೆಲಸ ಇಲ್ಲ, ಕೆಟ್ಟರೆ ಬದಲಿಸುವುದೇ.

ಇನ್ನು ಬ್ಯಾಲೆನ್ಸ್. ಗಾಡಿ ಗಂಟೆಗೆ 80 ಕಿ.ಮೀ. ಓಡುವಾಗ ಶಾಫ್ಟ್ ಸೆಕೆಂಡಿಗೆ ಸುಮಾರು 40 ಸುತ್ತು ತಿರುಗುತ್ತಿರುತ್ತದೆ. ಆಗ ನಡುಗೆರೆಯಿಂದ 5 ಸೆಂ.ಮೀ. ದೂರದಲ್ಲಿ ಅಂಟಿದ 10 ಗ್ರಾಂ ಒಣ ಮಣ್ಣು 3 ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ, ಅದೂ ಪ್ರತಿ ಸುತ್ತಿಗೆ ದಿಕ್ಕು ಬದಲಿಸುತ್ತಾ. ಗಾಡಿ ನಡುಗಿದರೆ ಮೊದಲು ಶಾಫ್ಟ್ ತೊಳೆಯಿರಿ. ಕೊಳವೆಗೆ ಬೆಸೆದ ಸಣ್ಣ ತಗಡಿನ ತುಂಡು ಕಂಡರೆ ಕೀಳಬೇಡಿ, ಅದು ಬ್ಯಾಲೆನ್ಸಿಗೆ ಇಟ್ಟ ತೂಕ. ಅದೇ ವೇಗದಲ್ಲಿ ಗೇರ್ ಬದಲಿಸಿ ಓಡಿಸಿದರೂ ನಡುಕ ಹಾಗೇ ಉಳಿದರೆ ತಪ್ಪು ಇಂಜಿನ್ನಿನದಲ್ಲ, ಶಾಫ್ಟಿನದೋ ಚಕ್ರದ್ದೋ. ಚಕ್ರದ ನಡುಕ ನಿಧಾನ, ಸ್ಟೀರಿಂಗ್ ಕುಣಿಯುತ್ತದೆ. ಶಾಫ್ಟಿನದು ಜೇನುಹುಳದ ಝೇಂಕಾರದ ಹಾಗೆ ಪಾದದ ಅಡಿಯಲ್ಲಿ ಬರುತ್ತದೆ. ಉದ್ದ ಚಾಸಿಯ ಪಿಕಪ್‌ಗಳಲ್ಲಿ ಶಾಫ್ಟ್ ಎರಡು ತುಂಡಾಗಿದ್ದು ನಡುವೆ ರಬ್ಬರಿನಲ್ಲಿ ಕೂತ ಸೆಂಟರ್ ಬೇರಿಂಗ್ ಇರುತ್ತದೆ. ರಬ್ಬರ್ ಹರಿದರೆ ಗಾಡಿ ಹೊರಡುವಾಗಲೇ ಗದಗದ ಅನ್ನುತ್ತದೆ.

ಬಿಚ್ಚುವ ಮೊದಲು ಒಂದು ಮಾತು. ಗಾಡಿ ಗೇರಿನಲ್ಲಿದೆ, ಜರುಗುವುದಿಲ್ಲ ಅಂದುಕೊಳ್ಳಬೇಡಿ. ಗೇರು ಚಕ್ರವನ್ನು ಹಿಡಿದಿರುವುದು ಈ ಶಾಫ್ಟಿನ ಮೂಲಕವೇ. ಅದು ಕಳಚಿದ ಕ್ಷಣ ಗಾಡಿಗೆ ಹಿಡಿತವಿಲ್ಲ. ಸಮತಟ್ಟು ನೆಲ, ಚಕ್ರದ ಎರಡೂ ಕಡೆ ಕಟ್ಟೆ, ಎತ್ತಿದರೆ ಗಟ್ಟಿ ಸ್ಟ್ಯಾಂಡ್. ಬರೀ ಜ್ಯಾಕ್ ನಂಬಿ ಯಾರೂ ಕೆಳಗೆ ಮಲಗಬಾರದು.

ನನ್ನ ಗಾಡಿಯ ಆ ಕ್ರಾಸನ್ನು ಹೊರತೆಗೆದಾಗ ಬಟ್ಟಲಿನಿಂದ ಸೂಜಿಗಳ ಬದಲು ಕೆಂಪು ಕೆಸರು ಉದುರಿತು. ತೋಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಉಗುರು ಎಳೆದರೆ ಕಿರ್ರ್ ಅಂತ ಬಾಚಣಿಗೆಯ ಹಲ್ಲು ಸಿಕ್ಕಿದ ಹಾಗೆ. ಒಂದೊಂದು ಸೂಜಿಯೂ ತಾನು ನಿಂತ ಜಾಗದಲ್ಲೇ ಒಂದೊಂದು ಗೀರು ಕೊರೆದಿತ್ತು. ಉಳಿದ ಮೂರು ತೋಳು ಇನ್ನೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.