ಗೃಹಾಧಾರಿತ ಶಿಕ್ಷಣ: ತೀರ್ಮಾನ ಯಾರದು?

ಬಹುವಿಧ ಅಥವಾ ತೀವ್ರ ಅಂಗವೈಕಲ್ಯವುಳ್ಳ ಮಗು ಬಯಸಿದರೆ ಮನೆಯಲ್ಲಿಯೇ ಶಿಕ್ಷಣ ಪಡೆಯಬಹುದು ಎಂದು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಇದು ಶಾಲೆಗೆ ಬರುವ ಹಕ್ಕಿನ ಜೊತೆಗೆ ಸೇರಿಸಿದ ಇನ್ನೊಂದು ಹಕ್ಕು. ಇದನ್ನು ಕೊಟ್ಟು ಅದನ್ನು ಹಿಂದಕ್ಕೆ ಪಡೆಯುವ ಏರ್ಪಾಡಲ್ಲ. ತಾಲ್ಲೂಕು ಮಟ್ಟದ ಸಮನ್ವಯ ಶಿಕ್ಷಣ (ಅಂಗವಿಕಲ ಮಕ್ಕಳನ್ನು ಎಲ್ಲರ ಜೊತೆ ಓದಿಸುವ ಶಿಕ್ಷಣ) ಸಂಪನ್ಮೂಲ ಶಿಕ್ಷಕಿಯಾಗಿ ಮನೆಮನೆಗೆ ಹೋಗುವಾಗ ನಾನು ಕಾಣುವುದು ಹೀಗಿಲ್ಲ. ಮಗುವಿನ ಹೆಸರು ಊರಿನ ಸರ್ಕಾರಿ ಶಾಲೆಯ ದಾಖಲಾತಿಯಲ್ಲಿರುತ್ತದೆ, ಮಗು ಮನೆಯ ಪಡಸಾಲೆಯಲ್ಲಿರುತ್ತದೆ, ಹಾಗೆ ಇರಿಸಲು ಕಾರಣವೇನೆಂದು ಕಡತದಲ್ಲಿ ಹುಡುಕಿದರೆ ‘ಪೋಷಕರ ಇಚ್ಛೆ’ ಎಂಬುದಕ್ಕಿಂತ ಹೆಚ್ಚಿನದೇನೂ ಸಿಗುವುದಿಲ್ಲ.

ಇದರಿಂದ ಮಗು ಕಳೆದುಕೊಳ್ಳುವುದು ಎಷ್ಟೆಂದು ಲೆಕ್ಕ ಹಾಕಿ ನೋಡಬೇಕು. ಅದೇ ಕಾಯ್ದೆಯ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಬೋಧನೆ ನಡೆಯಬೇಕು. ಮನೆಗೆ ಬರುವ ಶಿಕ್ಷಕರು ವಾರಕ್ಕೆ ಎರಡು ಗಂಟೆಯಂತೆ, ಒಂದು ವಾರವೂ ತಪ್ಪದೆ 40 ವಾರ ಬಂದರೂ ಮಗುವಿಗೆ ಸಿಗುವುದು 80 ಗಂಟೆ, ಅಂದರೆ ಹತ್ತರಲ್ಲಿ ಒಂದು ಪಾಲು. ಮಳೆಗಾಲದ ರಸ್ತೆ, ಸುಗ್ಗಿಯ ದಿನಗಳಲ್ಲಿ ಬೀಗ ಬಿದ್ದ ಮನೆ, ಇಲಾಖೆಯ ಸಭೆಗಳು ಇವುಗಳನ್ನು ಕಳೆದರೆ ಅಷ್ಟೂ ಉಳಿಯುವುದಿಲ್ಲ. ಓರಗೆಯ ಮಕ್ಕಳ ಜೊತೆಗಿನ ಮಾತು, ಜಗಳ, ಆಟ ಯಾವ ಗಂಟೆಯ ಲೆಕ್ಕಕ್ಕೂ ಸೇರುವಂಥವಲ್ಲ; ಮಾತು ತಡವಾದ ಮಗುವಿಗೆ ಅವುಗಳಷ್ಟು ನೆರವಾಗುವ ಪಾಠ ನನ್ನ ಚೀಲದಲ್ಲಿ ಇಲ್ಲ.

ಮನೆಯ ಶಿಕ್ಷಣ ಬೇಡವೆಂದು ನಾನು ಹೇಳುತ್ತಿಲ್ಲ. ಫಿಟ್ಸ್ ಇನ್ನೂ ಹತೋಟಿಗೆ ಬಾರದ, ಪದೇ ಪದೇ ನ್ಯುಮೋನಿಯಾ ಆಗುವ, ಕತ್ತು ನಿಲ್ಲದೆ ಸದಾ ಮಲಗಿಯೇ ಇರುವ ಮಕ್ಕಳಿದ್ದಾರೆ. ಆಸರೆ ಕೊಟ್ಟು ಕೂರಿಸಿದಾಗ ಕೂರುವುದು, ಚಮಚವನ್ನು ಬಾಯಿಗೆ ಒಯ್ಯುವುದು, ಬೇಕು ಬೇಡಗಳನ್ನು ಕಣ್ಣಿನಿಂದಲೋ ಚಿತ್ರದ ಹಲಗೆಯಿಂದಲೋ ತಿಳಿಸುವುದು ಅವರ ಪಾಲಿಗೆ ನಿಜವಾದ ಪಾಠ, ಅದಕ್ಕೆ ಮನೆಯೇ ಸರಿಯಾದ ಜಾಗ. ಆದರೆ ಗೃಹಾಧಾರಿತ ಶಿಕ್ಷಣದ ಪಟ್ಟಿಯಲ್ಲಿರುವ ಅನೇಕರು ಅಂಥ ಮಕ್ಕಳಲ್ಲ. ನಡೆಯಲು ಬಾರದಿದ್ದರೂ ಕೂರಬಲ್ಲ, ಕಥೆ ಕೇಳಬಲ್ಲ, ಕೇಳಿದ್ದಕ್ಕೆ ನಗಬಲ್ಲ ಸೆರೆಬ್ರಲ್ ಪಾಲ್ಸಿಯ (ಮಿದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಹತೋಟಿ ತಪ್ಪುವ ಸ್ಥಿತಿ) ಮಗು ಮನೆಯಲ್ಲೇ ಏಕೆ ಉಳಿಯಿತೆಂದು ವಿಚಾರಿಸುತ್ತಾ ಹೋದರೆ, ಮಾತು ಹೆಚ್ಚು ಬಾರಿ ಬಂದು ನಿಲ್ಲುವುದು ಶಾಲೆಯ ಶೌಚಾಲಯದ ಬಳಿ.

ವಿಶೇಷ ಅಗತ್ಯವುಳ್ಳ ಮಕ್ಕಳ ಶೌಚಾಲಯವೆಂದು ಗೋಡೆಯ ಮೇಲೆ ಬರೆದ ಕೋಣೆ ಎಷ್ಟೋ ಶಾಲೆಗಳಲ್ಲಿದೆ. ಅದಕ್ಕೆ ಬೀಗ ಹಾಕಿರುತ್ತದೆ, ಇಲ್ಲವೇ ಒಳಗೆ ಪೊರಕೆ, ಬ್ಲೀಚಿಂಗ್ ಪುಡಿಯ ಚೀಲಗಳಿರುತ್ತವೆ. ಕಮೋಡ್ ಇದ್ದರೆ ಹಿಡಿದುಕೊಳ್ಳಲು ಕಂಬಿಯಿಲ್ಲ, ಕಂಬಿಯಿದ್ದರೆ ನೀರಿಲ್ಲ, ಎಲ್ಲವೂ ಇದ್ದರೆ ಹೊಸ್ತಿಲು ದಾಟಿ ಗಾಲಿಕುರ್ಚಿ ಒಳಗೆ ಹೋಗುವುದಿಲ್ಲ. ಮಗುವನ್ನು ಎತ್ತಿ ಕೂರಿಸಿ ತೊಳೆಸುವವರು ಯಾರು ಎಂಬುದನ್ನು ಯಾರೂ ಗೊತ್ತುಮಾಡಿರುವುದಿಲ್ಲ. ಹಾಗಾಗಿ ತಾಯಿ ಬೆಳಗಿನಿಂದ ಸಂಜೆಯವರೆಗೆ ಶಾಲೆಯ ಜಗಲಿಯ ಮೇಲೆ ಕೂರಬೇಕು, ಕೂತರೆ ಆ ದಿನದ ಕೂಲಿ ಹೋಯಿತು. ಕೆಲವು ಹೆಣ್ಣುಮಕ್ಕಳು ನೀರನ್ನೇ ಕುಡಿಯದೆ ಶಾಲೆಗೆ ಬಂದು ಮೂತ್ರದ ಸೋಂಕಿಗೆ ಒಳಗಾಗುತ್ತಾರೆ; ಮುಟ್ಟು ಆರಂಭವಾದ ಮೇಲೆ ಮನೆಯವರೇ ಶಾಲೆ ಬಿಡಿಸುತ್ತಾರೆ. ಬೇರೆ ದಾರಿಯಿಲ್ಲದೆ ಒಪ್ಪಿಕೊಂಡದ್ದನ್ನು ಇಚ್ಛೆಯೆಂದು ದಾಖಲಿಸುವುದು ಆ ತಾಯಂದಿರಿಗೆ ಮಾಡುವ ಅನ್ಯಾಯ.

ಉಳಿದ ಅಡಚಣೆಗಳಲ್ಲಿ ಹಲವು ಹಣವಿಲ್ಲದೆಯೇ ಸರಿಹೋಗುವಂಥವು. ಡುಶೇನ್ ಸ್ನಾಯುಕ್ಷಯವಿರುವ ಹುಡುಗರು ಸಾಮಾನ್ಯವಾಗಿ ಹತ್ತು ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ನಡೆಯುವ ಶಕ್ತಿ ಕಳೆದುಕೊಳ್ಳುತ್ತಾರೆ. ಆಗ ಅವರಿರುವುದು ಐದು ಅಥವಾ ಆರನೇ ತರಗತಿಯಲ್ಲಿ, ಮತ್ತು ಮಹಡಿಯಿರುವ ಶಾಲೆಗಳಲ್ಲಿ ಆ ತರಗತಿಗಳು ಮೇಲೆಯೇ ನಡೆಯುವುದುಂಟು. ಓದಿನಲ್ಲಿ ಚುರುಕಾಗಿರುವ ಹುಡುಗ ಮೆಟ್ಟಿಲಿನ ಕಾರಣಕ್ಕೆ ಮನೆ ಸೇರುತ್ತಾನೆ. ಆ ಒಂದು ತರಗತಿಯನ್ನು ಕೆಳಗಿನ ಕೋಣೆಗೆ ಇಳಿಸಲು ಮುಖ್ಯ ಶಿಕ್ಷಕರು ಮನಸ್ಸು ಮಾಡಿದರೆ ಸಾಕು. ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ನಾಲ್ಕೈದು ಅಡಿಯಲ್ಲಿ ಮುಗಿಸಿದ್ದರ ಮೇಲೆ ಗಾಲಿಕುರ್ಚಿ ತಳ್ಳುವುದು ದೊಡ್ಡವರಿಗೂ ಕಷ್ಟ. ಸಾಧನ ಹಂಚುವ ಶಿಬಿರದಲ್ಲಿ ಸಿಕ್ಕ ಗಾಲಿಕುರ್ಚಿ ದೊಡ್ಡವರ ಅಳತೆಯದಾದರೆ ಮಗು ಅದರಲ್ಲಿ ವಾಲಿ, ಜಾರಿ, ಬೇಗ ಸುಸ್ತಾಗುತ್ತದೆ. ಆಗ ಕೂರಲು ಬಾರದ ಮಗುವೆಂಬ ಹೆಸರು ಅದಕ್ಕೆ ಅಂಟಿಕೊಳ್ಳುತ್ತದೆ.

ಶಿಕ್ಷಕರ ಹಿಂಜರಿಕೆಯ ಹಿಂದಿರುವುದು ಹೆಚ್ಚಾಗಿ ಭಯ, ಉದಾಸೀನವಲ್ಲ. ತರಗತಿಯಲ್ಲಿ ಫಿಟ್ಸ್ ಬಂದರೆ ಗತಿಯೇನು ಎಂದು ಕೇಳುವವರಿಗೆ ಸುತ್ತೋಲೆ ತೋರಿಸಿ ಪ್ರಯೋಜನವಿಲ್ಲ, ಏನು ಮಾಡಬೇಕೆಂದು ತೋರಿಸಿಕೊಡಬೇಕು. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ಗಡಿಯಾರ ನೋಡಬೇಕು. ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು, ಅದುಮಿ ಹಿಡಿಯುವುದು ಯಾವುದೂ ಕೂಡದು. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕು. ಇಷ್ಟು ಕಲಿತ ಮೇಲೆ, ಮಗುವನ್ನು ಕಳಿಸಿ ಎಂದು ತಾವಾಗಿ ಹೇಳಿದ ಶಿಕ್ಷಕರನ್ನು ನಾನು ಕಂಡಿದ್ದೇನೆ.

ವಿಶೇಷ ಶಿಕ್ಷಕರು ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕ ಮತ್ತು ಪ್ರೌಢ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು. ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಸಂಪನ್ಮೂಲ ಶಿಕ್ಷಕರಿರುವಲ್ಲಿ ಆ ಅನುಪಾತ ಸದ್ಯಕ್ಕೆ ಬಹಳ ದೂರ. ಅಲ್ಲಿಯವರೆಗೆ ನಮ್ಮ ಸಮಯದ ಒಂದು ಪಾಲಾದರೂ ಮನೆ ಭೇಟಿಯಿಂದ ಶಾಲೆಯ ಕಡೆಗೆ ತಿರುಗಬೇಕು. ಪಟ್ಟಿಯ ಪ್ರತಿ ಮಗುವಿನ ಎದುರು, ಅದನ್ನು ಮನೆಯಲ್ಲಿ ಉಳಿಸಿರುವ ಅಡಚಣೆ ಯಾವುದು, ಅದನ್ನು ನಿವಾರಿಸಬೇಕಾದವರು ಯಾರು ಎಂದು ಬರೆದು ಪ್ರತಿ ಜೂನ್‌ನಲ್ಲಿ ಮತ್ತೆ ನೋಡಬೇಕು.

ಪೋಷಕರಿಗೆ ನಾನು ಹೇಳುವುದು ಇಷ್ಟು: ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ತಾನು ಆರಿಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟಿದೆ. ಶೌಚಾಲಯದ ಕಂಬಿ, ಇಳಿಜಾರು, ಜೊತೆಗೆ ಬರುವವರಿಗೆ ಸಿಗುವ ಬೆಂಗಾವಲು ಭತ್ಯೆ ಯಾವುದನ್ನು ಕೇಳುವುದಿದ್ದರೂ ಲಿಖಿತವಾಗಿ ಕೇಳಿ, ಪ್ರತಿಯನ್ನು ಇಟ್ಟುಕೊಳ್ಳಿ. ಅರ್ಜಿ ಬರೆಯಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಿರಿ. ಮೊದಲ ದಿನದಿಂದಲೇ ಸಂಜೆಯವರೆಗೆ ಬಿಡಬೇಕೆಂದಿಲ್ಲ. ಬೆಳಿಗ್ಗೆ ಬಂದು ಬಿಸಿಯೂಟ ಮುಗಿಸಿ ಹೋಗುವುದರಿಂದ ಆರಂಭಿಸಬಹುದು, ಅನ್ನವನ್ನು ಎಷ್ಟು ನುಣ್ಣಗೆ ಕಲಸಬೇಕು, ಮಗುವನ್ನು ಹೇಗೆ ನೆಟ್ಟಗೆ ಕೂರಿಸಿ ತಿನ್ನಿಸಬೇಕು ಎಂಬುದನ್ನು ಆ ದಿನಗಳಲ್ಲಿ ಅಡುಗೆಯವರಿಗೂ ಶಿಕ್ಷಕರಿಗೂ ತಾಯಿಯೇ ತೋರಿಸಿಕೊಡಬಹುದು.