ವಿಂಟರ್ ಗಾರ್ಡ್ ತೀರ್ಪಿನಲ್ಲಿ 'ಏನು' ಮತ್ತು 'ಹೇಗೆ'

ಅಮೆರಿಕದ ಮಾರ್ಚಿಂಗ್ ಬ್ಯಾಂಡ್‌ಗಳ ಬಾವುಟ ತಂಡಗಳು ಚಳಿಗಾಲದಲ್ಲಿ ಒಳಾಂಗಣಕ್ಕೆ ಬಂದು, ಧ್ವನಿಮುದ್ರಿತ ಸಂಗೀತಕ್ಕೆ ನೀಡುವ ಸ್ಪರ್ಧಾತ್ಮಕ ಪ್ರದರ್ಶನವೇ ವಿಂಟರ್ ಗಾರ್ಡ್. ಬಾವುಟ, ಮರದ ರೈಫಲ್ ಮತ್ತು ಸೇಬರ್ ಕತ್ತಿ ಇದರ ಮುಖ್ಯ ಪರಿಕರಗಳು. 1977ರಲ್ಲಿ ಸ್ಥಾಪನೆಯಾದ ವಿಂಟರ್ ಗಾರ್ಡ್ ಇಂಟರ್‌ನ್ಯಾಷನಲ್ ಸಂಸ್ಥೆಯ ಅಂಕಪದ್ಧತಿಯನ್ನೇ ಈ ಟಿಪ್ಪಣಿಯಲ್ಲಿ ವಿವರಿಸಿದ್ದೇನೆ.

ಈ ಕಲೆಯ ಬೇರು ಸೈನಿಕ ಶಿಸ್ತಿನ ಬಾವುಟ ದಳಗಳಲ್ಲಿದೆ. ಎನ್‌ಸಿಸಿ ಕವಾಯತು ಮಾಡಿದವರಿಗೆ ಆ ಹಳೆಯ ಶೈಲಿ ಸುಲಭವಾಗಿ ಅರ್ಥವಾಗುತ್ತದೆ: ನೇರ ಸಾಲು, ಒಂದೇ ಕೋನ, ಒಂದೇ ಹೆಜ್ಜೆ. ಅದಕ್ಕೆ ತಕ್ಕಂತೆ ತೀರ್ಪೂ ಕಳೆಯುವ ಲೆಕ್ಕದ್ದಾಗಿತ್ತು. 'ಟಿಕ್' ಎಂಬ ಪದ್ಧತಿಯಲ್ಲಿ ತೀರ್ಪುಗಾರರು ಪ್ರತಿ ತಪ್ಪಿಗೂ ಒಂದು ಗುರುತು ಹಾಕಿ 0.1 ಅಂಕ ಕಳೆಯುತ್ತಿದ್ದರು. ಹೀಗಿರುವಾಗ ಕಷ್ಟದ ಕೆಲಸಕ್ಕೆ ಕೈಹಾಕುವುದೆಂದರೆ ನಷ್ಟವನ್ನು ತಾನಾಗಿಯೇ ಕರೆದುಕೊಂಡಂತೆ. ಸಾಧಿಸಿದ್ದಕ್ಕೆ ಅಂಕ ಕೂಡಿಸುವ ಪದ್ಧತಿ ಬಂದ ಮೇಲೆಯೇ ನೃತ್ಯ, ಬಣ್ಣ ಬಳಿದ ನೆಲಹಾಸು, ರಂಗಭೂಮಿಯ ಕಥನ ಇವೆಲ್ಲ ಅಂಕಣದಲ್ಲಿ ಧೈರ್ಯವಾಗಿ ನೆಲೆಯೂರಿದವು ಎಂಬುದು ನನ್ನ ಅಭಿಪ್ರಾಯ.

ಈಗಿನ ಹಂಚಿಕೆ ಹೀಗಿದೆ: ಪರಿಕರಕ್ಕೆ 20, ಚಲನೆಗೆ 20, ವಿನ್ಯಾಸಕ್ಕೆ 20, ಸಮಗ್ರ ಪರಿಣಾಮಕ್ಕೆ ಇಬ್ಬರು ತೀರ್ಪುಗಾರರಿಂದ ತಲಾ 20ರಂತೆ 40, ಒಟ್ಟು 100.

ನನಗೆ ತೊಡಕಾದದ್ದು ಇದರ ಒಳಗಿನ ವಿಭಜನೆ. ಪರಿಕರದ 20 ಅಂಕಗಳಲ್ಲಿ ಅರ್ಧ 'ವೊಕ್ಯಾಬುಲರಿ'ಗೆ, ಅಂದರೆ ಏನನ್ನು ಮಾಡಿದರು ಎಂಬುದಕ್ಕೆ. ಉಳಿದರ್ಧ 'ಎಕ್ಸಲೆನ್ಸ್'ಗೆ, ಅಂದರೆ ಅದನ್ನು ಹೇಗೆ ಮಾಡಿದರು ಎಂಬುದಕ್ಕೆ. ಇವೆರಡೂ ಬೇರೆ ಬೇರೆ ಖಾನೆಗಳೆಂದೂ, ಸುಲಭದ ಕೆಲಸವನ್ನು ಚೊಕ್ಕವಾಗಿ ಮಾಡಿದ ತಂಡಕ್ಕೆ ಎರಡನೆಯದರಲ್ಲಿ ಪೂರ್ಣ ಅಂಕ ಸಿಗಬೇಕೆಂದೂ ನಾನು ಬಹಳ ದಿನ ತಿಳಿದಿದ್ದೆ. ಅದು ತಪ್ಪು. 'ಹೇಗೆ' ಎಂಬುದನ್ನು ಅಳೆಯುವುದು 'ಏನು' ಎಂಬುದರ ಮೂಲಕವೇ.

ನಾನೇ ಮಾಡಿಕೊಂಡ ಒಂದು ಉದಾಹರಣೆ ನೋಡೋಣ. 'ಅ' ತಂಡದ ಹನ್ನೆರಡು ಜನರು ನಿಂತಲ್ಲೇ ರೈಫಲನ್ನು ಗಾಳಿಯಲ್ಲಿ ಎರಡು ಸುತ್ತು ತಿರುಗುವಂತೆ ಎಸೆದು, ಒಬ್ಬರೂ ತಪ್ಪದೆ ಹಿಡಿಯುತ್ತಾರೆ. 'ಆ' ತಂಡದವರು ಆರು ಸುತ್ತಿನ 'ಸಿಕ್ಸ್' ಎಸೆದು, ಅದು ಮೇಲಿರುವಾಗಲೇ ದೇಹವನ್ನು ತಿರುಗಿಸಿ, ಮಂಡಿಯೂರಿ ಹಿಡಿಯುತ್ತಾರೆ. ಒಬ್ಬರ ರೈಫಲ್ ಕೆಳಗೆ ಬೀಳುತ್ತದೆ, ಆದರೆ ಅವರು ಅದನ್ನೆತ್ತಿಕೊಂಡು ಮುಂದಿನ ಎಣಿಕೆಗೆ ಎಲ್ಲರೊಡನೆ ಸೇರಿಬಿಡುತ್ತಾರೆ. ಪ್ರತಿ ಉಪವಿಭಾಗವನ್ನು 100ಕ್ಕೆ ಅಳೆದು, ಎರಡನ್ನೂ ಕೂಡಿಸಿ 10ರಿಂದ ಭಾಗಿಸಿದರೆ ಅಂಕ ಸಿಗುತ್ತದೆ. 'ಅ' ತಂಡಕ್ಕೆ 55 ಮತ್ತು 62 ಬಂದರೆ 11.7, 'ಆ' ತಂಡಕ್ಕೆ 78 ಮತ್ತು 72 ಬಂದರೆ 15.0. ಬಿದ್ದ ರೈಫಲಿಗೆಂದು ಪ್ರತ್ಯೇಕ ಕಡಿತವಿಲ್ಲ. ಅದರ ಪರಿಣಾಮ 'ಹೇಗೆ'ಯಲ್ಲಿ ಸೇರಿದೆ, ಬೇಗ ಚೇತರಿಸಿಕೊಂಡದ್ದೂ ಅಲ್ಲಿಯೇ ಸೇರಿದೆ. 'ಅ' ತಂಡ ಒಂದನ್ನೂ ಬೀಳಿಸದಿದ್ದರೂ, ದೇಹ ಮತ್ತು ಪರಿಕರ ಎರಡನ್ನೂ ಏಕಕಾಲಕ್ಕೆ ನಿಭಾಯಿಸುವ ಸಾಮರ್ಥ್ಯವನ್ನು ತೋರಿಸುವ ಅವಕಾಶವೇ ಅದಕ್ಕೆ ಸಿಗಲಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. 'ಇ' ತಂಡಕ್ಕೂ ಅದೇ ಸಿಕ್ಸ್ ಬರೆದುಕೊಟ್ಟಿದ್ದಾರೆ, ಆದರೆ ಅರ್ಧ ಜನ ತಿರುಗುವುದನ್ನು ಬಿಟ್ಟು ಕತ್ತೆತ್ತಿ ರೈಫಲನ್ನೇ ನೋಡುತ್ತ ನಿಲ್ಲುತ್ತಾರೆ ಎಂದುಕೊಳ್ಳೋಣ. ಆಗ 'ಏನು' ಅಂಕವೂ ಕುಸಿಯುತ್ತದೆ, ಏಕೆಂದರೆ ವೊಕ್ಯಾಬುಲರಿಗೆ ಮನ್ನಣೆ ಸಿಗುವುದು ಸಂಯೋಜಕರು ಬರೆದದ್ದಕ್ಕಲ್ಲ, ಕಲಾವಿದರು ಸಾಧಿಸಿ ತೋರಿಸಿದ್ದಕ್ಕೆ. ಈ ಒಂದು ವಾಕ್ಯ ತಿಳಿದ ಮೇಲೆ ಅಂಕಪಟ್ಟಿಗಳು ನನಗೆ ಅರ್ಥವಾಗತೊಡಗಿದವು.

ತಂಡಗಳನ್ನು ಕೌಶಲದ ಮಟ್ಟಕ್ಕೆ ತಕ್ಕಂತೆ ಕೆಳಗಿನಿಂದ ಮೇಲಕ್ಕೆ ವಿಂಗಡಿಸುವ ಎ, ಓಪನ್, ವರ್ಲ್ಡ್ ಎಂಬ ಮೂರು ದರ್ಜೆಗಳಿಗೂ ಮಾನದಂಡಗಳು ಬೇರೆ; ಎ ದರ್ಜೆಯ 80 ಅಂಕವನ್ನು ವರ್ಲ್ಡ್ ದರ್ಜೆಯ 80ರೊಂದಿಗೆ ಹೋಲಿಸಬಾರದು.